ಬಾಚಣಿಗೆ ಗುರುತಿನ ಅಭ್ಯರ್ಥಿ

ವಾರ್ಡಿನ ಚುನಾವಣೆಗೆ ನಿಲ್ಲುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

“ನಿಮಗೆ ಓಟು ಯಾರು ಹಾಕ್ತಾರೆ?”

“ಜನ ಹಾಕ್ತಾರೆ.”

“ಯಾವ ಜನ? ನಿಮ್ಮ ಹತ್ರ ಬೈಸ್ಕೊಳ್ಳದೇ ಇರೋರು ಈ ವಾರ್ಡಲ್ಲಿ ಯಾರಾದ್ರೂ ಉಳಿದಿದ್ದಾರಾ?”

ಕೇಳಬೇಕಾದ ಪ್ರಶ್ನೆಯೇ. ನಾನು ಡ್ರೈವಿಂಗ್ ಸ್ಕೂಲಿನವನು. ಈ ವಾರ್ಡಿನಲ್ಲಿ ಸ್ಟೀರಿಂಗ್ ಹಿಡಿಯುವ ಮುಕ್ಕಾಲು ಪಾಲು ಮಂದಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿತವರು. ಅಂದರೆ ಮುಕ್ಕಾಲು ಪಾಲು ಮಂದಿ ನನ್ನ ಬಾಯಿಗೆ ಸಿಕ್ಕವರು. ಕ್ಲಚ್ಚನ್ನು ಥಟ್ಟನೆ ಬಿಟ್ಟು ಗಾಡಿಯನ್ನು ಕಪ್ಪೆಯ ಹಾಗೆ ಕುಪ್ಪಳಿಸುವಂತೆ ಮಾಡುವವರನ್ನು ಕಂಡರೆ ನನಗೆ ಕರುಣೆ ಬರುವುದಿಲ್ಲ, ಸಿಟ್ಟೇ ಬರುತ್ತದೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಕಾರಿನಲ್ಲಿ ಕಣ್ಣೀರು ಹಾಕಿದ್ದಾರೆ. ಒಬ್ಬ ಪೊಲೀಸು ಅರ್ಧ ದಾರಿಯಲ್ಲಿ ಇಳಿದು ಬಸ್ಸು ಹತ್ತಿಕೊಂಡು ಹೋಗಿದ್ದಾನೆ. ಆದರೆ ನನ್ನ ಹತ್ತಿರ ಕಲಿತವರು “ಬ್ರೇಕ್!” ಎಂಬ ಒಂದು ಕೂಗಿಗೆ ನಿದ್ದೆಯಲ್ಲೂ ಬಲಗಾಲು ಒತ್ತುತ್ತಾರೆ. ಅಷ್ಟರಮಟ್ಟಿಗೆ ನಾನು ಒಳ್ಳೆಯ ಮೇಷ್ಟ್ರು ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ.

ನಾನು ನಿಂತದ್ದು ಅಧಿಕಾರದ ಆಸೆಗಲ್ಲ, ಅಕ್ಕನಿಗಾಗಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಬೆಳೆಸಿದವಳು ಅವಳು. ಮದುವೆಯ ಗೊಡವೆಗೇ ಹೋಗಲಿಲ್ಲ. ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಅವಳಿರುತ್ತಾಳೆ, ಮೇಲೆ ನಾವಿಬ್ಬರು. ಮೂರು ರಸ್ತೆ ಕೂಡುವ ಸರ್ಕಲ್ಲಿನ ಆಚೆ ಬದಿಯಲ್ಲಿ ಅವಳದೊಂದು ಅಂಗಡಿ ಇದೆ. ಗುಂಡಿ, ದಾರ, ಜಿಪ್ಪು, ಲೇಸು. ಬಟ್ಟೆಯ ಚೂರು ಹಿಡಿದುಕೊಂಡು ಹೋದರೆ ಅದಕ್ಕೆ ಒಪ್ಪುವ ಬಣ್ಣದ ದಾರವನ್ನು ಕಣ್ಣು ಮುಚ್ಚಿ ತೆಗೆದುಕೊಡುತ್ತಾಳೆ. ಅಂಗಡಿಯೇ ಅವಳ ಜೀವ.

ಆ ಸರ್ಕಲ್ಲಿಗೆ ಸಿಗ್ನಲ್ ಇಲ್ಲ, ಜನ ದಾಟಲು ಒಂದು ಬಿಳಿ ಪಟ್ಟೆಯೂ ಇಲ್ಲ. ಬೇಸಿಗೆಯಲ್ಲಿ ಒಬ್ಬ ಸ್ಕೂಟರಿನವನು ಅಕ್ಕನನ್ನು ಕೆಡವಿ ಹೋದ. ಬಲಗೈ ಮಣಿಕಟ್ಟು ಮುರಿಯಿತು. ಕೈ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ರಸ್ತೆಯ ಅಂಚಿಗೆ ಬಂದು ನಿಂತರೆ ಕಾಲು ಏಳುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ನಾನು ಪಾಠಗಳ ನಡುವೆ ಓಡಿಬಂದು ಕೈಹಿಡಿದು ದಾಟಿಸಬೇಕಾಯಿತು. ನನಗೆ ಪಾಠ ತಡವಾದ ದಿನ ಅಂಗಡಿಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. “ಹೀಗಾದ್ರೆ ಅಂಗಡಿ ಯಾರಿಗಾದ್ರೂ ಕೊಟ್ಟುಬಿಡ್ತೀನಿ ಕಣೋ” ಎಂದು ಒಂದು ದಿನ ಅಂದಳು.

ನೆಟ್ಟಗೆ ಕೌನ್ಸಿಲರ್ ಆಫೀಸಿಗೆ ಹೋದೆ. ಕೌನ್ಸಿಲರ್ ಕೂಡ ನನ್ನ ಶಿಷ್ಯನೇ, ರಿವರ್ಸ್ ಗೇರು ಹಾಕಿದರೆ ಬೆವರುತ್ತಿದ್ದವನು. ಜನರ ಎದುರಿಗೆ ಅವನ ಜನ್ಮ ಜಾಲಾಡಿ, ಪಟ್ಟೆ ಬಳಿಸಲಾಗದವನು ರಾಜೀನಾಮೆ ಕೊಡು ಎಂದು ಮೇಜು ಗುದ್ದಿ ಬಂದೆ. ಅವನು “ನೋಡೋಣ ಸರ್” ಎಂದ. ಆ ಎರಡು ಮಾತೇ ನನ್ನನ್ನು ಚುನಾವಣೆಗೆ ತಂದು ನಿಲ್ಲಿಸಿದ್ದು.

ನಿಂತ ಮೇಲೆ ಸುಮ್ಮನೆ ನಿಲ್ಲಬಾರದಿತ್ತೇ? ನನಗೆ ಆದರ್ಶದ ಚಟ ಹತ್ತಿತು. ಯಾರಿಂದಲೂ ದೇಣಿಗೆ ತೆಗೆದುಕೊಳ್ಳುವುದಿಲ್ಲ, ಯಾವ ಸಂಘದ, ಯಾವ ದೊಡ್ಡ ಮನುಷ್ಯನ ಬೆಂಬಲವನ್ನೂ ಸ್ವೀಕರಿಸುವುದಿಲ್ಲ ಎಂದು ಕರಪತ್ರ ಬರೆದೆ. ‘ಯಾರ ಹಣವೂ ಬೇಡ, ಯಾರ ಹಂಗೂ ಬೇಡ’ ಎಂದು ಮೇಲೆ ದಪ್ಪಕ್ಷರದಲ್ಲಿ ಹಾಕಿಸಿ ಹೆಂಡತಿಗೆ ತೋರಿಸಿದೆ. ಅವಳು ಔಷಧ ಅಂಗಡಿಯಲ್ಲಿ ಕೆಲಸ ಮಾಡುವವಳು, ಸಣ್ಣ ಅಕ್ಷರ ಓದುವುದರಲ್ಲಿ ಎತ್ತಿದ ಕೈ. ಪೂರ್ತಿ ಓದಿ ವಾಪಸು ಕೊಟ್ಟಳು.

“ಚೆನ್ನಾಗಿದೆ. ಆದ್ರೆ ಯಾರು ಕೊಡೋಕೆ ಬಂದಿದ್ರು?”

ಯಾರೂ ಬಂದಿರಲಿಲ್ಲ. ಬಂದಿದ್ದರೆ ಎಂಬ ಸಿಟ್ಟಿನಲ್ಲೇ ಬರೆದಿದ್ದೆ.

ನಾಮಪತ್ರ ಸಲ್ಲಿಸಲು ಹೋದಾಗ ಮೊದಲ ಎಡವಟ್ಟು ಎದುರಾಯಿತು. ಕೌಂಟರಿನ ಹಿಂದೆ ಕೂತ ಹೆಣ್ಣುಮಗಳು ಕಾಗದ ತಿರುಗಿಸಿ ನೋಡಿದರು.

“ಸೂಚಕರ ಸಹಿ ಎಲ್ಲಿ ಸರ್?”

“ನಾನು ಸ್ವತಂತ್ರ ಅಭ್ಯರ್ಥಿ. ನನ್ನನ್ನ ಯಾರೂ ಸೂಚಿಸಿಲ್ಲ.”

“ಸ್ವತಂತ್ರ ಆದ್ರೂ ಒಬ್ರು ಸೂಚಿಸ್ಲೇಬೇಕು.”

“ಅದು ಬೆಂಬಲ ಆಗುತ್ತಲ್ಲ ಮೇಡಂ. ನಾನು ಯಾರ ಬೆಂಬಲಾನೂ ತಗೊಳ್ಳಲ್ಲ ಅಂತ ಪ್ರಿಂಟೇ ಹಾಕ್ಸಿಬಿಟ್ಟಿದ್ದೀನಿ.”

ಅವರು ಪೆನ್ನಿನ ಮುಚ್ಚಳ ಹಾಕಿ ನನ್ನನ್ನು ಒಂದು ಕ್ಷಣ ನೋಡಿದರು. ರೋಗಿಯನ್ನು ನೋಡುವ ನೋಟ. “ಸರ್, ನಿಮ್ಮ ಹಿಂದೆ ಕ್ಯೂ ಇದೆ. ಇವರು ನಿಲ್ಲಲಿ ಅಂತ ಹೇಳೋ ಒಬ್ಬ ಮನುಷ್ಯನೂ ಇಲ್ಲದೆ ಯಾರೂ ನಿಲ್ಲೋಕಾಗಲ್ಲ. ಇದು ನಾನು ಮಾಡಿದ್ದಲ್ಲ, ಕಾನೂನು.”

ಮನೆಗೆ ಬಂದು ಹೆಂಡತಿಯ ಸಹಿ ಕೇಳಿದೆ. “ನನಗೆ ನಿಮ್ಮ ಕರಪತ್ರ ಅಂದ್ರೆ ತುಂಬಾ ಗೌರವ” ಎಂದು ಕೈ ಒರೆಸಿಕೊಂಡು ಕೆಲಸಕ್ಕೆ ಹೊರಟಳು. ಕಡೆಗೆ ಸಹಿ ಹಾಕಿದವಳು ಅಕ್ಕ. ನೆಟ್ಟಗಾಗದ ಮಣಿಕಟ್ಟಿನಲ್ಲಿ ಒಂದೊಂದೇ ಅಕ್ಷರವನ್ನು ಹೊಲಿಗೆ ಹಾಕುವಂತೆ ಬರೆದಳು.

“ಇದು ಬೆಂಬಲ ಅಲ್ವೇನೋ?” ಎಂದು ನಕ್ಕಳು.

“ಅಲ್ಲ ಅಕ್ಕ, ಕಾನೂನು” ಎಂದೆ. ಒಂದು ಥ್ಯಾಂಕ್ಸು ಕೂಡ ಹೇಳಲಿಲ್ಲ. ಕಾನೂನಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ?

ಚಿಹ್ನೆ ಹಂಚುವ ದಿನ ಕಾರು ಸಿಗುತ್ತದೆ ಎಂಬ ಆಸೆಯಿತ್ತು. ಸಿಕ್ಕಿದ್ದು ಬಾಚಣಿಗೆ. ನನ್ನ ತಲೆಯಲ್ಲಿ ಕಿವಿಯ ಮೇಲೆ ನಾಲ್ಕು, ಹಿಂದೆ ನಾಲ್ಕು ಬಿಟ್ಟರೆ ಉಳಿದದ್ದೆಲ್ಲ ಬಯಲು. ಚೀಟಿ ಓದಿದ ಅಧಿಕಾರಿ ನನ್ನ ಕಡೆ ನೋಡಿ, ಬೇಗನೆ ಮುಂದಿನ ಚೀಟಿ ಎತ್ತಿಕೊಂಡರು. ಸರ್ಕಾರಿ ನೌಕರರಲ್ಲೂ ದಯೆ ಇರುತ್ತದೆ ಎಂದು ಅವತ್ತು ಗೊತ್ತಾಯಿತು.

ಪ್ರಚಾರಕ್ಕೆ ಕಾಲ್ನಡಿಗೆಯಲ್ಲೇ ಹೊರಟೆ. ಅಷ್ಟು ವರ್ಷ ವಾರ್ಡನ್ನು ವಿಂಡ್‌ಸ್ಕ್ರೀನಿನ ಒಳಗಿನಿಂದ ನೋಡಿದವನಿಗೆ ಫುಟ್‌ಪಾತ್ ಎಂಬುದು ಇಷ್ಟು ಕಡೆ ಬಾಯಿ ಬಿಟ್ಟುಕೊಂಡಿದೆ ಎಂದು ತಿಳಿದಿರಲಿಲ್ಲ. ಮೊದಲ ದಿನವೇ ಕಾಲು ಉಳುಕಿಸಿಕೊಂಡೆ. ಕುಂಟುತ್ತಾ ಬಂದವನನ್ನು ನೋಡಿ ಹಲ್ಲಿನ ಡಾಕ್ಟರು ಕುರ್ಚಿ ಹಾಕಿದರು. ಕಣ್ಣೀರು ಹಾಕಿದ್ದರಲ್ಲ, ಅವರೇ. ಕೂರಲಿಲ್ಲ. ಕುರ್ಚಿಯೂ ಒಂದು ಬಗೆಯ ದೇಣಿಗೆಯೇ ಎಂದು ಅವರಿಗೆ ವಿವರಿಸಿದೆ. “ನಿಂತ್ಕೊಂಡೇ ಇರಿ ಹಾಗಾದ್ರೆ” ಎಂದು ಅವರು ಒಳಗೆ ಹೋದರು.

ಕ್ಷೌರದಂಗಡಿಯವನಿಗಂತೂ ನನ್ನ ಚಿಹ್ನೆ ಕಂಡು ಖುಷಿಯೋ ಖುಷಿ. “ಸರ್, ಅಂಗಡಿ ಮುಂದೆ ಇಷ್ಟು ದೊಡ್ಡ ಬಾಚಣಿಗೆ ಬರೆಸಿಬಿಡ್ತೀನಿ. ನಿಮಗೂ ಪ್ರಚಾರ, ನನಗೂ ಪ್ರಚಾರ.”

“ಅದು ಬೆಂಬಲ ಆಗುತ್ತಪ್ಪ.”

“ಬೆಂಬಲ ಅಲ್ಲ ಸರ್, ವ್ಯಾಪಾರ.”

“ಹಾಗಾದ್ರೆ ಇನ್ನೂ ಕೆಟ್ಟದ್ದು!” ಎಂದು ಗದರಿದೆ. ಅವನ ಮುಖ ಸಣ್ಣದಾಯಿತು. ಅಂಗಡಿಯಲ್ಲಿ ಸೋಪು ಬಳಿಸಿಕೊಂಡು ಕೂತಿದ್ದ ಮೂವರ ಓಟೂ ಸೋಪಿನ ಜೊತೆ ತೊಳೆದುಹೋಗಿರಬೇಕು.

ಒಂದು ಮನೆಯಲ್ಲಿ ವಯಸ್ಸಾದ ತಾಯಿ ಬಿಸಿಲಲ್ಲಿ ಬಂದವನಿಗೆ ಲೋಟದಲ್ಲಿ ನೀರು ತಂದರು. ಬೇಡ ಎಂದೆ. “ನಮ್ಮನೆ ನೀರು ಚೆನ್ನಾಗಿಲ್ವಾ?” ಎಂದು ಕೇಳಿದರು. ನಿಯಮ ಎಂದೆ. ಆ ಲೋಟವನ್ನು ಅವರು ನನ್ನ ಎದುರೇ ಗಿಡಕ್ಕೆ ಹಾಕಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಅದನ್ನೂ ಹೆಮ್ಮೆಯಿಂದಲೇ ಹೆಂಡತಿಗೆ ಹೇಳಿದೆ. ನೀರಿಗೂ ಬಗ್ಗದ ಅಭ್ಯರ್ಥಿ!

“ಊರವರಿಗೆಲ್ಲ ನೀವ್ಯಾರೂ ನನಗೆ ಬೇಡ ಅಂತ ಹೇಳ್ಕೊಂಡು ಬರ್ತಿದ್ದೀರಿ. ಅದಕ್ಕೆ ಇಷ್ಟು ನಡೀಬೇಕಿತ್ತಾ? ಮನೇಲೇ ಕೂತಿದ್ರೂ ಆಗ್ತಿತ್ತು” ಎಂದಳು ಅವಳು.

ನನಗೆ ನಾಟಲಿಲ್ಲ. ನಾಟುವಂಥದ್ದು ಅಕ್ಕನ ಅಂಗಡಿಯಲ್ಲಿ ಕಾದಿತ್ತು.

ಅವತ್ತು ಸಂಜೆ ಅವಳನ್ನು ರಸ್ತೆ ದಾಟಿಸಲು ಹೋದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಕ್ಕ ಕೌಂಟರಿನ ಕೆಳಗಿನಿಂದ ಒಂದು ಬಟ್ಟೆಯ ಸುರುಳಿ ತೆಗೆದು ಬಿಡಿಸಿದಳು. ತಿಳಿ ಹಳದಿ ಬಟ್ಟೆಯ ಬ್ಯಾನರು. ನಡುವೆ ನೀಲಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಬಾಚಣಿಗೆ. ಒಂದೊಂದು ಹಲ್ಲಿನ ಸುತ್ತಲೂ ಸಣ್ಣ ಕೈಹೊಲಿಗೆ. ಆ ಮಣಿಕಟ್ಟಿನಲ್ಲಿ ಎಷ್ಟು ಹೊತ್ತು ಕೂತು ಹೊಲಿದಿದ್ದಳೋ! ಅಂಚಿಗೆ ಬಿಳಿ ಲೇಸು ಬೇರೆ. ಗಿರಾಕಿಗಳು ಹತ್ತಿರ ಬಂದು ಮುಟ್ಟಿ ನೋಡುತ್ತಿದ್ದರು. ಅಕ್ಕನ ಮುಖದಲ್ಲಿ, ಕೈ ಮುರಿದ ಮೇಲೆ ನಾನು ಕಂಡೇ ಇರದ ಒಂದು ಕಳೆ.

ನಾನು ಏನು ಮಾಡಿದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಗಂಟಲು ಸರಿಮಾಡಿಕೊಂಡು, ಗಿರಾಕಿಗಳಿಗೂ ಕೇಳುವಂತೆ, “ಅಕ್ಕ, ಇದನ್ನ ನಾನು ತಗೊಳ್ಳೋ ಹಾಗಿಲ್ಲ. ಅಕ್ಕನಿಗೆ ಒಂದು ನಿಯಮ, ಬೇರೆಯವರಿಗೆ ಒಂದು ನಿಯಮ ಅಂತ ಜನ ಆಡ್ಕೋಬಾರದು. ಯಾರ ಹಂಗೂ ಬೇಡ ಅಂದ್ಮೇಲೆ ಮುಗೀತು” ಎಂದೆ. ಭಾಷಣದ ಧಾಟಿಯಲ್ಲೇ ಎಂದೆ. ಚಪ್ಪಾಳೆಗಾಗಿ ಅರೆಗಳಿಗೆ ಕಾದೆನೋ ಏನೋ.

ಅಕ್ಕ ಬ್ಯಾನರನ್ನು ಸುತ್ತಿದಳು. ಸುತ್ತುವಾಗ ಲೇಸು ಮಡಿಚಿಕೊಂಡಿತು. ಅದನ್ನು ಬಿಡಿಸಿ, ನೀಟಾಗಿ ಮತ್ತೆ ಸುತ್ತಿ ಕೆಳಗಿಟ್ಟಳು. “ಆಯ್ತಪ್ಪ” ಎಂದಳು. ಗಿರಾಕಿಗಳು ಗುಂಡಿಯ ಡಬ್ಬಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಬಾಗಿಲು ಹಾಕಿಕೊಂಡು ಇಬ್ಬರೂ ರಸ್ತೆಯ ಅಂಚಿಗೆ ಬಂದೆವು. ಕೆಲಸ ಬಿಟ್ಟ ಹೊತ್ತು. ಮೂರೂ ಕಡೆಯಿಂದ ವಾಹನಗಳು ನುಗ್ಗುತ್ತಿದ್ದವು. ಎಂದಿನಂತೆ ನಾನು ಕೈ ಚಾಚಿದೆ. ಅಕ್ಕ ತನ್ನ ಕೈಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು.

“ಬೇಡ. ನನಗೂ ಯಾರ ಹಂಗೂ ಬೇಡ.”

“ಅಕ್ಕ, ತಮಾಷೆ ಮಾಡ್ಬೇಡ. ಗಾಡಿಗಳು ಬರ್ತಿವೆ.”

“ಬರ್ಲಿ. ನಿನಗೆ ನಿಯಮ ಇದ್ರೆ ನನಗೂ ಇರ್ಬಾರದಾ?”

ಅಷ್ಟಂದು ಕಾಲು ಕೆಳಗಿಟ್ಟೇಬಿಟ್ಟಳು. ತಿಂಗಳುಗಟ್ಟಲೆ ಏಳದಿದ್ದ ಕಾಲು ಸಿಟ್ಟಿಗೆ ಎದ್ದಿತ್ತು. ಎಡದಿಂದ ಒಂದು ವ್ಯಾನು ತಿರುಗಿ ಬರುತ್ತಿತ್ತು. ನನ್ನ ಪ್ರಾಣ ಬಾಯಿಗೆ ಬಂತು. ಅಲ್ಲಿಂದಲೇ ಹೊರಗೆ ಹಾರಿತು: “ಬ್ರೇಕ್!”

ವ್ಯಾನು ಕಿರ್ರೆಂದು ನಿಂತಿತು. ಅದರ ಹಿಂದಿನ ಕಾರು ನಿಂತಿತು. ಎದುರು ರಸ್ತೆಯ ಎರಡು ಕಾರು, ಒಂದು ಸ್ಕೂಲ್ ಬಸ್ಸು, ತನ್ನ ಪಾಡಿಗೆ ಆಚೆ ಹೋಗುತ್ತಿದ್ದ ಪೊಲೀಸು ಜೀಪು, ಎಲ್ಲವೂ ಇದ್ದಲ್ಲೇ ನಿಂತವು. ಸರ್ಕಲ್ಲಿಗೆ ಸರ್ಕಲ್ಲೇ ನಿಶ್ಶಬ್ದ. ಒಳಗೆ ಕೂತವರೆಲ್ಲ ಇನ್ನು ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿಕೊಂಡಿದ್ದರು. ಅಕ್ಕ ನಡುವೆ ಹಾದು, ನಿಧಾನವಾಗಿ ಆಚೆ ಬದಿಗೆ ಹೋಗಿ, ಹಿಂದಿರುಗಿ ನೋಡದೆ ಮನೆಯ ಕಡೆ ನಡೆದಳು.

ಅಲ್ಲಿಂದ ನನ್ನ ಪ್ರಚಾರ ಮುಗಿದಂತೆಯೇ. ಅಕ್ಕ ಕೈ ಕೊಡುತ್ತಿರಲಿಲ್ಲ, ದಾಟುವುದನ್ನೂ ಬಿಡುತ್ತಿರಲಿಲ್ಲ. ಅವಳು ಹೊರಡುವ ಹೊತ್ತಿಗೆ ನಾನು ಸರ್ಕಲ್ಲಿನಲ್ಲಿ ಹಾಜರಾಗಿ “ಬ್ರೇಕ್! ಬ್ರೇಕ್!” ಎಂದು ಅರಚುತ್ತಿದ್ದೆ. ಅವಳ ಜೊತೆಗೆ ಶಾಲೆಯ ಮಕ್ಕಳು, ಕೋಲೂರಿಕೊಂಡ ಮುದುಕರು, ಮಗುವನ್ನೆತ್ತಿಕೊಂಡ ತಾಯಂದಿರೂ ದಾಟತೊಡಗಿದರು. ಓಟಿಗಾಗಿ ಎಷ್ಟೆಲ್ಲ ನಾಟಕ ಆಡುತ್ತಾನೆ ನೋಡು ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದು ನನ್ನ ಕಿವಿಗೇ ಬಿತ್ತು. ಕರಪತ್ರಗಳು ಕಾರಿನ ಡಿಕ್ಕಿಯಲ್ಲೇ ಉಳಿದವು. ಅಕ್ಕನೋ, ಮನೆಯಲ್ಲಿ ಮೆಟ್ಟಿಲ ಹತ್ತಿರ ಎದುರಾದರೂ ಗೋಡೆಯ ಕಡೆ ಸರಿದು ದಾರಿ ಬಿಡುತ್ತಿದ್ದಳು, ಬಾಡಿಗೆಗಿರುವ ಅಪರಿಚಿತನಿಗೆ ಬಿಡುವಂತೆ. ಅದೊಂದನ್ನು ನನ್ನಿಂದ ಸಹಿಸಲಾಗಲಿಲ್ಲ.

ಕೂಗಿ ಕೂಗಿ ಗಂಟಲು ಕೆಟ್ಟಿತು. ಹೆಂಡತಿ ಕೆಮ್ಮಿನ ಮಾತ್ರೆ ತಂದು ಅಂಗೈಯಲ್ಲಿಟ್ಟುಕೊಂಡು ಕೇಳಿದಳು, “ಇದನ್ನ ಬಾಯಿಗೆ ಹಾಕ್ಕೋತೀರಾ, ಇಲ್ಲಾ ಇದೂ ದೇಣಿಗೆನಾ?” ಬಾಯಿ ತೆರೆದೆ. ಉತ್ತರ ಹೊರಡಲಿಲ್ಲ, ಮಾತ್ರೆ ಒಳಗೆ ಹೋಯಿತು.

ಫಲಿತಾಂಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಠೇವಣಿ ಹೋಯಿತು. ಎಣಿಸುವವರಿಗೆ ನಾನು ಏನೂ ತೊಂದರೆ ಕೊಡಲಿಲ್ಲ. ಅದೇ ಕೌನ್ಸಿಲರ್ ಮತ್ತೆ ಗೆದ್ದ. ಅಷ್ಟು ಹೊತ್ತಿಗೆ ನನ್ನ ದನಿ ಪೂರ್ತಿ ಕೂತುಹೋಗಿತ್ತು. ಕೆಲವು ದಿನ ಬಾಯಿ ಬಿಡಲೇಬಾರದು ಎಂದು ಗಂಟಲಿನ ಡಾಕ್ಟರು ಕಟ್ಟಪ್ಪಣೆ ಮಾಡಿದರು. ಬೆರಳು ತೋರಿಸಿ, ತಲೆಯಾಡಿಸಿ ಪಾಠ ಮಾಡಿದೆ. ಆ ದಿನಗಳಲ್ಲಿ ಬಂದವರು ಎಲ್ಲರಿಗಿಂತ ಬೇಗ ಕಲಿತರು. ಇದನ್ನು ನಾನು ಇನ್ನೂ ಹೆಂಡತಿಗೆ ಹೇಳಿಲ್ಲ.

ಗೆದ್ದವನು ಒಂದು ಬೆಳಿಗ್ಗೆ ನನ್ನ ಆಫೀಸಿಗೆ ಬಂದ. ನಾನು ಕುರ್ಚಿ ತೋರಿಸಿದೆ. ಕೂತ, ಆದರೆ ಅಂಚಿನಲ್ಲಿ. ಹಳೆಯ ಭಯ.

“ಸರ್, ಪಟ್ಟೆ ಬಳಿಸೋದು ದೊಡ್ಡ ವಿಷಯ ಅಲ್ಲ. ಅಲ್ಲಿ ಓಡಾಡೋರು ಒಂದಿಷ್ಟು ಜನ ಸಹಿ ಹಾಕಿ ಅರ್ಜಿ ಕೊಟ್ರೆ ಸಾಕು, ಸಭೇಲಿ ಇಟ್ಟು ಮಾಡಿಸ್ತೀನಿ. ಅವತ್ತೇ ಹೇಳೋಣ ಅಂತಿದ್ದೆ.”

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೈಯಲ್ಲೇ ಕೇಳಿದೆ.

“ನೀವು ಕೇಳ್ಲೇ ಇಲ್ಲ ಸರ್. ಬೈದ್ರಿ. ಬೈದು ಎದ್ದು ಹೋದ್ರಿ.”

ಅವನು ಹೋದ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸಹಿ ಬೇಕಂತೆ. ಅಂದರೆ ಡಾಕ್ಟರ ಮನೆ, ಕ್ಷೌರದಂಗಡಿ, ನೀರನ್ನು ಗಿಡಕ್ಕೆ ಹಾಕಿದ ತಾಯಿಯ ಮನೆ. ಯಾವ ಮುಖ ಹೊತ್ತುಕೊಂಡು ಹೋಗಲಿ? ಯಾವ ಗಂಟಲಲ್ಲಿ ಕೇಳಲಿ? ವಾರ್ಡಿನವರೆಲ್ಲ ಬಾಗಿಲು ತೆರೆಯುವುದು ಒಬ್ಬಳಿಗೆ ಎಂದು ನನಗೆ ಗೊತ್ತಿತ್ತು. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು.

ನಡೆದುಕೊಂಡೇ ಹೋಗಿ ಸರ್ಕಲ್ಲಿನ ಈಚೆ ಬದಿಯಲ್ಲಿ ನಿಂತೆ. ಆಚೆ ಅವಳ ಅಂಗಡಿ. ಇಷ್ಟು ದಿನ ಕೂಗಿ ಕೂಗಿಯೇ ಬೀದಿಗಿಳಿದವನು. ಈಗ ಬಾಯಿ ತೆರೆದರೆ ಬರೀ ಗಾಳಿ. ಒಂದು ಹೆಜ್ಜೆ ಇಟ್ಟೆ, ಸ್ಕೂಟರು ಬಂತು, ಹಿಂದೆ ಸರಿದೆ. ಇನ್ನೊಂದು ಇಟ್ಟೆ, ನನ್ನದೇ ಶಿಷ್ಯೆಯೊಬ್ಬಳು ಹಾರ್ನ್ ಹೊಡೆದುಕೊಂಡು ಹೋದಳು. ಜಗತ್ತಿಗೆಲ್ಲ ರಸ್ತೆಯ ಪಾಠ ಹೇಳುವ ನಾನು ಅಂಚಿನಲ್ಲಿ ಹಿಂದೆ ಮುಂದೆ ಹೊಯ್ದಾಡುತ್ತಾ ನಿಂತಿದ್ದೆ. ಮೂರನೆಯ ಹೆಜ್ಜೆಗೆ ಕಾಲು ಏಳಲಿಲ್ಲ. ಇಷ್ಟು ತಿಂಗಳು ಅಕ್ಕನ ಎದೆಯಲ್ಲಿ ಇದ್ದದ್ದು ಇದೇ ಭಯ ಎಂದು ಆಗ ಅರ್ಥವಾಗಿ ಕಣ್ಣು ತುಂಬಿತು.

ಅಕ್ಕ ಅಂಗಡಿಯೊಳಗಿನಿಂದ ನೋಡುತ್ತಿದ್ದಳು. ಸಾಕಷ್ಟು ಹೊತ್ತು ನೋಡಿದಳು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊರಗೆ ಬಂದು ರಸ್ತೆಗಿಳಿದಳು. ಕೂಗಲಿಲ್ಲ, ಕೈಯೆತ್ತಲಿಲ್ಲ. ಬರುವವರ ಮುಖವನ್ನು ಒಬ್ಬೊಬ್ಬರಾಗಿ ನೋಡುತ್ತಾ ಬಂದಳು, ಅವರು ಒಬ್ಬೊಬ್ಬರಾಗಿ ನಿಧಾನಿಸಿದರು. ನನ್ನ ಎದುರು ನಿಂತು, ಸೊಟ್ಟಗೆ ಕೂಡಿಕೊಂಡ ಆ ಬಲಗೈ ಚಾಚಿದಳು.

“ಬರ್ತೀಯಾ, ಇಲ್ಲಾ ನಿಯಮ ಇದೆಯಾ?”

ಕೈ ಹಿಡಿದುಕೊಂಡೆ. ನಿಂತ ಗಾಡಿಗಳಲ್ಲಿದ್ದ ಶಿಷ್ಯರು, ಪೊಲೀಸು, ಕ್ಷೌರದಂಗಡಿಯವನು, ನೋಡಬೇಕಾದವರೆಲ್ಲ ನೋಡಿದರು. ಆಚೆ ಬದಿ ತಲುಪಿದ ಮೇಲೂ ನಾನು ಬಿಡಲಿಲ್ಲ. ಅಂಗಡಿಯಲ್ಲಿ ಹಲ್ಲಿನ ಡಾಕ್ಟರು ಕೋಟಿನ ಗುಂಡಿಗೆ ಕಾಯುತ್ತಿದ್ದರು. ನಾನು ಅಕ್ಕನ ಕಿವಿಯ ಹತ್ತಿರ ಬಗ್ಗಿ ಪಟ್ಟೆಯ ವಿಷಯ, ಸಹಿಯ ವಿಷಯ ಪಿಸುಗುಟ್ಟಿದೆ. ಕಡೆಗೆ ಹೇಳಬೇಕಾದ್ದನ್ನೂ ಹೇಳಿದೆ.

“ಏನಂದೆ? ಕೇಳಿಸ್ಲಿಲ್ಲ” ಎಂದಳು. ಚೆನ್ನಾಗಿ ಕೇಳಿಸಿತ್ತು.

ಇದ್ದಬದ್ದ ದನಿಯನ್ನೆಲ್ಲ ಒಟ್ಟುಮಾಡಿದೆ. “ನನ್ನೊಬ್ಬನ ಕೈಲಿ ಆಗಲ್ಲ ಅಕ್ಕ. ನೀನು ಬಾ.”

ಅಕ್ಕ ನನ್ನ ಕೈ ಬಿಡದೆಯೇ ಡಾಕ್ಟರ ಕಡೆ ತಿರುಗಿದಳು.

“ಕೇಳಿದ್ರಾ ಡಾಕ್ಟ್ರೇ? ಈ ಮಾತು ಚುನಾವಣೆಗೆ ಮುಂಚೆ ಹೇಳಿದ್ದಿದ್ರೆ, ನಾವೆಲ್ಲ ಸೇರಿ ಗೆಲ್ಲಿಸ್ತಿರಲಿಲ್ವಾ ಇವನನ್ನ?”